ವೆಂಡೆಲನಿಗೆ ಬೇಕಾದ ಆರು ಮಂದಿ ಅನ್ಯರು

ಐವತ್ಮೂರನೆಯ ವಯಸ್ಸಿನಲ್ಲಿ ವೆಂಡೆಲ್ ನಾಹಿನುವಿಗೆ ಮನುಷ್ಯನ ಮೈಯಲ್ಲಿ ಇನ್ನೂರ ಆರು ಎಲುಬುಗಳಿವೆ ಎಂಬ ಸಂಗತಿ ತಿಳಿಯಿತು. ತಿಳಿದದ್ದರಲ್ಲಿ ತಪ್ಪೇನಿಲ್ಲ. ಅದನ್ನು ಊರಿಗೆಲ್ಲ ತಿಳಿಸಬೇಕೆಂದು ಹೊರಟನಲ್ಲ, ಅಲ್ಲಿ ಎಡವಟ್ಟಾಯಿತು.

ಹವಾಯಿಯ ಮೊಲೊಕಾಯ್ ದ್ವೀಪದ ಆ ಊರಿನಲ್ಲಿ ಎಲುಬಿನ ಎಣಿಕೆ ಯಾರಿಗೂ ಬೇಕಿರಲಿಲ್ಲ. ಬೆನ್ನು ಹಿಡಿದುಕೊಂಡರೆ ಲುಯಿಕಾ ಅಜ್ಜಿಯ ಮನೆಗೆ ಹೋಗುವುದು, ದೀವಿಹಲಸಿನ ಮರದ ಕೆಳಗೆ ಚಾಪೆಯ ಮೇಲೆ ಬೋರಲು ಬೀಳುವುದು. ಅಜ್ಜಿ ಒಂದು ಪ್ರಾರ್ಥನೆ ಹೇಳಿ, ನಾಲ್ಕು ಬೈಗುಳ ಬೈದು, ಮೊಣಕೈಯೂರಿ ಲೋಮಿ, ಅಂದರೆ ಮೈ ತಿಕ್ಕುವ ಹಳೆಯ ಚಿಕಿತ್ಸೆ, ಮಾಡುತ್ತಿದ್ದಳು. ತಿಕ್ಕಿಸಿಕೊಂಡವರು ಎದ್ದು ಹೋಗುವಾಗ ಒಂದು ಮೀನನ್ನೋ ಬಾಳೆಗೊನೆಯನ್ನೋ ಜಗಲಿಯ ಮೇಲಿಟ್ಟು ಹೋಗುತ್ತಿದ್ದರು. ಅಜ್ಜಿಗೆ ಎಂಬತ್ತನಾಲ್ಕು ವರ್ಷ. ಅವಳ ಬಳಿ ಕಾಗದಪತ್ರ ಎಂದು ಇದ್ದದ್ದು ಬೈಬಲ್ಲು ಮತ್ತು ನಾಯಿಯ ಲಸಿಕೆಯ ಚೀಟಿ ಮಾತ್ರ.

ಈ ಏರ್ಪಾಟಿಗೆ ಮೊದಲ ಪೆಟ್ಟು ಬಿದ್ದದ್ದು ವೆಂಡೆಲನ ತಂಗಿಯ ಮೊಮ್ಮಗಳ ಮೊದಲ ಹುಟ್ಟುಹಬ್ಬದ ದಿನ. ಮಗುವಿಗೆ ಒಂದು ವರ್ಷ, ಬಂದವರು ಮುನ್ನೂರು ಜನ. ಊಟದ ಮೇಲೆ ಲುಯಿಕಾ ಅಜ್ಜಿ ಯಾರದೋ ಭುಜ ಹಿಡಿದು, "ಇಲ್ಲಿ ಹಗ್ಗ ಗಂಟು ಬಿದ್ದಿದೆ ಕಣೋ," ಎಂದಳು. ಕೈಯಲ್ಲಿ ಕಾಗದದ ತಟ್ಟೆ ಹಿಡಿದು ನಿಂತಿದ್ದ ವೆಂಡೆಲ್ ಸುಮ್ಮನಿರಬಹುದಿತ್ತು.

"ಅಜ್ಜಿ, ಅದು ಹಗ್ಗ ಅಲ್ಲ. ಟ್ರಪೀಜಿಯಸ್ ಸ್ನಾಯು."

ಯುಕುಲೆಲೆ ಬಾರಿಸುತ್ತಿದ್ದವರ ಕೈ ನಿಂತಿತು. ಅಜ್ಜಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಹೌದೇನಪ್ಪ? ಹೆಸರಿಟ್ಟ ಮೇಲೆ ಸಡಿಲ ಆಯ್ತಾ?"

ಮುನ್ನೂರು ಜನ ನಕ್ಕರು. ಮಗುವೂ ನಕ್ಕಿತೆಂದು ವೆಂಡೆಲನ ತಂಗಿ ಈಗಲೂ ಹೇಳುತ್ತಾಳೆ. ಆ ನಗುವಿನ ನಡುವೆ, ಮರ್ಯಾದೆ ಉಳಿಸಿಕೊಳ್ಳುವ ಭರದಲ್ಲಿ, ವೆಂಡೆಲ್ ಕುರ್ಚಿಯ ಮೇಲೆ ಹತ್ತಿ ಘೋಷಿಸಿಬಿಟ್ಟ: ಸೆಪ್ಟೆಂಬರ್ ಒಂದನೇ ತಾರೀಖಿಗೆ ತಾನು ಲೈಸೆನ್ಸ್ ಇರುವ ಮಸಾಜ್ ಥೆರಪಿಸ್ಟ್. ಬಂದರಿನ ಪಕ್ಕದ ಕ್ಲಿನಿಕ್ಕಿನಲ್ಲಿ ತನಗೊಂದು ಕೋಣೆ. ಬಾಗಿಲ ಮೇಲೆ ಹೆಸರು. ಏಸಿ.

ಕೋಣೆಯ ಮಾತು ಸುಳ್ಳಲ್ಲ. ಕ್ಲಿನಿಕ್ಕಿನ ಡಾಕ್ಟರಮ್ಮ ಪೋಲೆಟ್ ಆಗಸ್ಟ್ ಮೂವತ್ತೊಂದರವರೆಗೆ ಅದನ್ನು ಅವನಿಗಾಗಿ ಖಾಲಿ ಇಡಲು ಒಪ್ಪಿದ್ದರು. ಆಮೇಲೆ ಮುರಿದ ಗಾಲಿಕುರ್ಚಿಗಳೂ ಕ್ರಿಸ್‌ಮಸ್ ಅಲಂಕಾರದ ಪೆಟ್ಟಿಗೆಗಳೂ ಅಲ್ಲಿಗೆ ಬರಬೇಕಿತ್ತು. ಇಷ್ಟನ್ನು ನಂಬಿ ವೆಂಡೆಲ್ ವಿಮಾನ ನಿಲ್ದಾಣದಲ್ಲಿ ಇಪ್ಪತ್ತೆರಡು ವರ್ಷ ಪೆಟ್ಟಿಗೆ ಎತ್ತಿಳಿಸಿದ ಕೆಲಸಕ್ಕೆ ರಾಜೀನಾಮೆ ಕೊಟ್ಟುಬಿಟ್ಟಿದ್ದ. ಬೀಳ್ಕೊಡುಗೆಯ ಕೇಕು ಕತ್ತರಿಸಿ ಆಗಿತ್ತು. ಅವನ ಕಿತ್ತಳೆ ಬಣ್ಣದ ಅಂಗಿಯನ್ನು ಬೇರೊಬ್ಬ ತೊಟ್ಟು ಆಗಿತ್ತು, ಅದು ಆ ಹೊಸಬನಿಗೆ ಇನ್ನೂ ಚೆನ್ನಾಗಿ ಒಪ್ಪುತ್ತದೆ ಎಂದು ಊರು ಮಾತಾಡಿಯೂ ಆಗಿತ್ತು.

ಹೊನೊಲುಲುವಿನ ಒಂದು ಶಾಲೆಯಲ್ಲಿ ಅವನ ಓದು. ಎಲುಬಿನ ಪರೀಕ್ಷೆಯನ್ನು ಮೂರನೆಯ ಸಲಕ್ಕೆ ದಾಟಿದ. ಸ್ನಾಯುಗಳ ಪರೀಕ್ಷೆಯನ್ನು ಹೆಂಡತಿ ಡಾರ್ಲೀನಳ ಮೈಮೇಲೆ ಪೆನ್ನಿನಿಂದ ಬರೆದು ಅಭ್ಯಾಸ ಮಾಡಿ ದಾಟಿದ. ಅವಳು ಆ ವಾರ ಈಜಲು ಹೋಗಲಿಲ್ಲ. ಇನ್ನು ಉಳಿದದ್ದು ಆರೇ ಆರು ಫಾರಂಗಳು. ಆರು ಜನರಿಗೆ ಒಂದೊಂದು ಗಂಟೆ ಮಸಾಜ್ ಮಾಡಿ ಸಹಿ ಹಾಕಿಸಿ ತಂದರೆ ಶಾಲೆ ಪ್ರಮಾಣಪತ್ರ ಕೊಡುತ್ತದೆ, ಅದರ ಹಿಂದೆಯೇ ಲೈಸೆನ್ಸು ಬರುತ್ತದೆ.

ಮಿನೆಸೋಟಾದಿಂದ ಬಂದಿದ್ದ ಅಧ್ಯಾಪಕಿ ಸ್ಯಾಂಡ್ರಾ ಕೊನೆಯ ದಿನ ತರಗತಿಗೆ ವಿವರಿಸಿದ್ದಳು. "ಆರೂ ಜನ ಅನ್ಯರಾಗಿರಬೇಕು. ಸಂಬಂಧಿಕರು ಬೇಡ. ಸಂಬಂಧಿಕರು ಸುಮ್ಮಸುಮ್ಮನೆ ಹೊಗಳ್ತಾರೆ."

ಈಕೆ ನನ್ನ ಸಂಬಂಧಿಕರನ್ನು ನೋಡಿಲ್ಲ ಎಂದುಕೊಂಡ ವೆಂಡೆಲ್, ತಲೆಯಾಡಿಸಿ ಫಾರಂಗಳನ್ನು ಚೀಲಕ್ಕೆ ಹಾಕಿಕೊಂಡ. ಓದಿದ್ದು ಮನೆಗೆ ಬಂದ ಮೇಲೆ.

'ರಕ್ತದಿಂದಾಗಲಿ, ಮದುವೆಯಿಂದಾಗಲಿ, ಸಾಕಿ ಸಲಹಿದ್ದರಿಂದಾಗಲಿ ಈ ವಿದ್ಯಾರ್ಥಿಗೂ ನನಗೂ ಯಾವ ಸಂಬಂಧವೂ ಇಲ್ಲವೆಂದು ದೃಢೀಕರಿಸುತ್ತೇನೆ.'

ಡಾರ್ಲೀನ್ ಅವನ ಹೆಗಲ ಮೇಲಿಂದ ಬಗ್ಗಿ ಓದಿದಳು.

"ಆರು ಜನಾನಾ? ಈ ದ್ವೀಪದಲ್ಲಾ?"

"ಆರೇ ಅಲ್ವಾ."

"ರೀ, ನಮ್ಮ ಮದುವೆಗೆ ಮುಂಚೆ ನಾನು ನಿಮಗೆ ಸಂಬಂಧ ಅಲ್ಲ ಅಂತ ಖಾತ್ರಿ ಮಾಡ್ಕೊಳೋಕೆ ನಿಮ್ಮಮ್ಮ ಮೂರು ತಿಂಗಳು ಓಡಾಡಿದ್ರು. ಅದೂ ನಮ್ಮ ತಾತ ಪೋರ್ಚುಗಲ್‌ನಿಂದ ಬಂದಿದ್ದಕ್ಕೆ ಬಚಾವಾಯ್ತು. ಆರು ಜನ ಎಲ್ಲಿಂದ ತರ್ತೀರಾ?"

ವೆಂಡೆಲ್ ಅವಳ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಜಗಲಿಯಲ್ಲಿ ಮುಖಕ್ಕೆ ತೂತಿರುವ ಹೊಸ ಮೇಜನ್ನು ಬಿಡಿಸಿ ನಿಲ್ಲಿಸಿ, ಮರುದಿನ ಬೆಳಿಗ್ಗೆ ಬಂದರಿನ ಕಟ್ಟೆಯಿಂದ ಬಾರ್ನಿ ಅಂಕಲ್‌ನನ್ನು ಕರೆದುಕೊಂಡು ಬಂದ. ಬಾರ್ನಿ ಅಂಕಲ್ ಎಪ್ಪತ್ತು ದಾಟಿದ ಮೀನುಗಾರ. ರಕ್ತಸಂಬಂಧವಿಲ್ಲ, ಮದುವೆಯ ಸಂಬಂಧವಿಲ್ಲ, ಸಾಕಿದ್ದೂ ಇಲ್ಲ. ವೆಂಡೆಲ್ ಎರಡೆರಡು ಸಲ ಯೋಚಿಸಿ ಆರಿಸಿಕೊಂಡಿದ್ದ ಮನುಷ್ಯ. ಅಂಕಲ್ ಒಂದು ಗಂಟೆ ಮಲಗಿ, ಎದ್ದು, ಹವಾಯಿ ಚಪ್ಪಲಿ ಮೆಟ್ಟಿಕೊಂಡು, ಕನ್ನಡಕ ಏರಿಸಿ ಫಾರಂ ಓದಿದ. ಇನ್ನೊಂದು ಸಲ ಓದಿದ.

"ಏನೋ ಇದು?"

"ಸಹಿ ಅಷ್ಟೇ ಅಂಕಲ್."

"ನಾನು ನಿಂಗೆ ಯಾರೂ ಅಲ್ಲ ಅಂತ ನನ್ನ ಕೈಯಲ್ಲೇ ಬರೆಸ್ತೀಯಾ?"

"ಅಂಕಲ್, ನೀವು ನಿಜವಾಗ್ಲೂ ಸಂಬಂಧಿಕರಲ್ಲ."

"ಯಾರು ಹೇಳಿದ್ದು? ನಿಮ್ಮಪ್ಪನ ಶವಪೆಟ್ಟಿಗೆಗೆ ಎಡಗಡೆ ಹೆಗಲು ಕೊಟ್ಟೋನು ಯಾರು?"

"ನೀವು."

"ನೀನು ಏಳು ವರ್ಷದೋನಿದ್ದಾಗ ನನ್ನ ದೋಣಿಯಲ್ಲಿ ವಾಂತಿ ಮಾಡಿದೆಯಲ್ಲ, ತೊಳೆದೋನು ಯಾರು?"

"ನೀವೇ."

"ಮತ್ತೆ?" ಎಂದ ಅಂಕಲ್, ಫಾರಂ ಮಡಚಿ ಮೇಜಿನ ತೂತಿನೊಳಗೆ ತೂರಿಸಿ ಹೊರಟುಹೋದ.

ಈ ಊರಿನಲ್ಲಿ ಇಬ್ಬರು ಎದುರಾದರೆ ಹೇಗಿದ್ದೀರಿ ಎಂದು ಕೇಳುವುದಿಲ್ಲ, ನಿಮ್ಮ ಅಜ್ಜಿ ಯಾರು ಎಂದು ಕೇಳುತ್ತಾರೆ. ಮೂರು ನಿಮಿಷದೊಳಗೆ ಇಬ್ಬರಿಗೂ ಸಲ್ಲುವ ಒಬ್ಬ ಮುತ್ತಜ್ಜಿ ಸಿಕ್ಕೇ ಸಿಗುತ್ತಾಳೆ. ಸಿಗದಿದ್ದರೆ ಯಾರೋ ಯಾರನ್ನೋ ಸಾಕಿರುತ್ತಾರೆ, ಅದೂ ಇಲ್ಲದಿದ್ದರೆ ಒಂದೇ ಹಂದಿಯನ್ನು ಹಂಚಿಕೊಂಡು ತಿಂದಿರುತ್ತಾರೆ. ಸಂಬಂಧವಿಲ್ಲ ಎಂಬ ಮಾತನ್ನು ಯಾರೂ ಆಡುವುದಿಲ್ಲ. ಜಗಳದಲ್ಲಿ ಕಲ್ಲು ಎತ್ತಿಕೊಂಡವರೂ ಆಡಿದ್ದಿಲ್ಲ.

ಅಂಚೆ ಕಚೇರಿಯ ಜೋಲೀನ್ ಫಾರಂ ನೋಡಿ ಕಣ್ಣೊರೆಸಿಕೊಂಡಳು. "ನಾನೇನು ತಪ್ಪು ಮಾಡಿದೆ ಅಣ್ಣ?" ಎಂದಳು. ಕ್ಷೌರಿಕ ಆಗ್ಬಯಾನಿ ಫಿಲಿಪೀನ್ಸಿನಲ್ಲಿ ಹುಟ್ಟಿದವನಾದ್ದರಿಂದ ಪಾರಾಗಬಹುದೆಂದು ವೆಂಡೆಲ್ ಎಣಿಸಿದ್ದ. ಅವನು ಕತ್ತರಿ ಕೆಳಗಿಟ್ಟು, "ನಿನ್ನ ಮಗಳ ದೀಕ್ಷಾಸ್ನಾನದ ದಿನ ಅವಳನ್ನ ಎತ್ತಿ ಹಿಡಿದಿದ್ದು ಯಾರಪ್ಪ, ಫೋಟೋ ತೋರಿಸ್ಲಾ?" ಎಂದ. ಫೋಟೋ ಕನ್ನಡಿಯ ಪಕ್ಕದಲ್ಲೇ ಅಂಟಿಸಿತ್ತು. ಅರ್ಧ ಕತ್ತರಿಸಿದ ಕೂದಲೊಂದಿಗೆ ವೆಂಡೆಲ್ ಮನೆಗೆ ಬಂದ.

ವೆಂಡೆಲ್ ದಡ್ಡನಲ್ಲ, ತಡವಾಗಿ ಹೊತ್ತಿಕೊಳ್ಳುವ ದೀಪ ಅಷ್ಟೆ. ಊರಿನವರನ್ನು ಬಿಟ್ಟು, ಊರಿಗೆ ಮೊನ್ನೆ ಮೊನ್ನೆ ಬಂದವರನ್ನು ಹಿಡಿದ. ಆರೆಗಾನಿನಿಂದ ಬಂದಿದ್ದ ಗಣಿತದ ಮೇಷ್ಟರು ಒಬ್ಬರು. ಬಿಳಿ ಅಂಗಿ ತೊಟ್ಟು ಸೈಕಲ್ಲಿನ ಮೇಲೆ ಧರ್ಮಪ್ರಚಾರ ಮಾಡುತ್ತಿದ್ದ ಇಬ್ಬರು ತರುಣರು. ಅವರು ಒಬ್ಬರನ್ನು ಬಿಟ್ಟು ಒಬ್ಬರು ಇರುವಂತಿಲ್ಲವಾದ್ದರಿಂದ ಒಬ್ಬನಿಗೆ ಮಸಾಜ್ ನಡೆಯುವಾಗ ಇನ್ನೊಬ್ಬ ಮೇಜಿನ ಕಾಲಬುಡದಲ್ಲಿ ಕೂತು ಸುವಾರ್ತೆ ಓದುತ್ತಿದ್ದ. ತಿಂಗಳಿಗೊಮ್ಮೆ ಬರುವ ದನದ ಡಾಕ್ಟರು ಮತ್ತು ಹರಳು ಮಾರುವ ಒಬ್ಬಾಕೆ. ಐದೂ ಜನ ಸಲೀಸಾಗಿ ಸಹಿ ಹಾಕಿದರು. 'ಅದ್ಭುತ' ಎಂದು ಷರಾ ಬರೆದರು. ದನದ ಡಾಕ್ಟರು ಮಾತ್ರ 'ಪ್ರಾಣಿ ಶಾಂತವಾಗಿತ್ತು' ಎಂದು ಬರೆದರು, ಅಭ್ಯಾಸಬಲ.

ಮುನ್ನೆಚ್ಚರಿಕೆಗೆ ವೆಂಡೆಲ್ ಮೇಜಿನ ಪಕ್ಕ ಒಂದು ಹಲಗೆ ತೂಗುಹಾಕಿದ್ದ: 'ದಯವಿಟ್ಟು ನಿಮ್ಮ ಅಜ್ಜಿಯ ಹೆಸರು ಹೇಳಬೇಡಿ.'

ಆರನೆಯವಳು ಸಿಕ್ಕಿದ್ದು ಆಗಸ್ಟ್ ಹದಿಮೂರರಂದು. ವರ್ಮಾಂಟಿನ ನಿವೃತ್ತ ಗ್ರಂಥಪಾಲಕಿ, ಹೆಸರು ಪ್ರೂಡೆನ್ಸ್. ಹಾಲಿನಂಥ ಬಣ್ಣ, ಬೆಳ್ಳಿ ಕೂದಲು. ಇವಳಿಗಿಂತ ಅನ್ಯಳನ್ನು ದೇವರೂ ಸೃಷ್ಟಿಸಿರಲಾರ ಎಂದುಕೊಂಡ ವೆಂಡೆಲ್. ಆಕೆ ಬೋರಲು ಮಲಗಿ, ಮುಖವನ್ನು ತೂತಿಗಿಳಿಸಿ, ಆ ತೂತಿನ ಮೂಲಕವೇ ಮಾತು ಶುರುಮಾಡಿದಳು.

"ನಾನಿಲ್ಲಿಗೆ ಯಾಕೆ ಬಂದೆ ಗೊತ್ತಾ? ನಮ್ಮ ಮುತ್ತಾತ ತಿಮಿಂಗಿಲ ಬೇಟೆಯ ಹಡಗಿನಲ್ಲಿ ಅಡುಗೆಯವನಾಗಿದ್ದ."

ವೆಂಡೆಲ್ ಕೈಗೆ ಇನ್ನಷ್ಟು ಎಣ್ಣೆ ಸುರಿದುಕೊಂಡ. "ಮೇಡಂ, ಉಸಿರಾಟದ ಕಡೆ ಗಮನ ಇರ್ಲಿ."

"ಈ ದ್ವೀಪದಲ್ಲಿ ಒಂದು ವರ್ಷ ಇದ್ದನಂತೆ. ಒಬ್ಬ ಮಗಳೂ ಹುಟ್ಟಿದಳಂತೆ."

"ಮೇಡಂ, ಹಲಗೆ ಓದಿದ್ರಾ?"

"ಕನ್ನಡಕ ತೆಗೆದಿಟ್ಟಿದ್ದೀನಿ. ಅವಳ ಹೆಸರು ಮಾತ್ರ ಸಿಕ್ಕಿದೆ ನನಗೆ."

"ಹೇಳಬೇಡಿ. ನಿಮ್ಮ ದಮ್ಮಯ್ಯ, ಹೇಳಬೇಡಿ."

ಆಕೆ ಹೇಳಿದಳು. ವೆಂಡೆಲ್ ಎಣ್ಣೆಯ ಕೈಯಲ್ಲೇ ಮುಖ ಮುಚ್ಚಿಕೊಂಡ. ಅದು ಅವನ ತಂದೆಯ ಅಜ್ಜಿಯ ಹೆಸರು.

ಸಂಜೆಯ ಹೊತ್ತಿಗೆ ಪ್ರೂಡೆನ್ಸ್ ಲುಯಿಕಾ ಅಜ್ಜಿಯ ಜಗಲಿಯಲ್ಲಿ ಕೂತು ಕೆಸುವಿನ ಗೆಡ್ಡೆಯ ಪೊಯ್ ತಿನ್ನುತ್ತಾ ಅಳುತ್ತಿದ್ದಳು. ಸುತ್ತ ಹದಿನಾರು ಜನ ಹೊಸ ನೆಂಟರು ಅಳುತ್ತಿದ್ದರು. ಅಲ್ಲಿಗೆ ನಿಂತಿದ್ದರೆ ಒಂದು ಫಾರಂ ಹೋಯಿತು ಅಷ್ಟೇ ಎಂದುಕೊಳ್ಳಬಹುದಿತ್ತು. ಆದರೆ ಪ್ರೂಡೆನ್ಸ್ ಪ್ರಾಮಾಣಿಕ ಹೆಂಗಸು. ಕೈಚೀಲದಿಂದ ಫಾರಂ ತೆಗೆದು, "ವೆಂಡೆಲ್ ಇದಕ್ಕೆ ಸಹಿ ಬೇಕು ಅಂದಿದ್ದ. ಇನ್ನು ನಾನು ಹಾಕೋ ಹಾಗಿಲ್ಲ ಅಲ್ವಾ?" ಎಂದು ಕೇಳಿದಳು.

ಅಜ್ಜಿ ಫಾರಂ ಓದಿಸಿ ಕೇಳಿದಳು. ಅಳು ನಿಂತಿತು.

ಕಣಿವೆಯಲ್ಲಿ ವೆಂಡೆಲನ ಮುತ್ತಾತನದೊಂದು ಕೆಸುವಿನ ಗದ್ದೆಯಿದೆ. ಚಿಕ್ಕ ಗದ್ದೆ, ನೂರಾರು ಹಕ್ಕುದಾರರು. ಯಾರ ಪಾಲು ಎಷ್ಟು ಎಂಬ ವ್ಯಾಜ್ಯ ವೆಂಡೆಲ್ ಹುಟ್ಟುವ ಮೊದಲೇ ಕೋರ್ಟಿನ ಮೆಟ್ಟಿಲೇರಿದ್ದು ಇನ್ನೂ ಇಳಿದಿಲ್ಲ. ಸಂಬಂಧವನ್ನು ಸಾಬೀತು ಮಾಡಿದವರಿಗೆ ಪಾಲು. ಸಂಬಂಧವಿಲ್ಲವೆಂದು ಬರೆದುಕೊಟ್ಟವರಿಗೆ?

ಬಾರ್ನಿ ಅಂಕಲ್ ತೊಡೆ ತಟ್ಟಿಕೊಂಡು ಎದ್ದ. "ಅದಕ್ಕೇ ನನ್ನನ್ನ ಮೊದಲು ಕರೆದಿದ್ದು. ಎಣ್ಣೆ ಹಚ್ಚಿ, ಮಲಗಿಸಿ, ಮೈ ಸಡಿಲ ಆದ ಮೇಲೆ ಪೆನ್ನು ಕೊಡ್ತಾನೆ."

"ಅಂಕಲ್, ನಿಮಗೆ ಆ ಗದ್ದೆಯಲ್ಲಿ ಪಾಲೇ ಇಲ್ಲವಲ್ಲ," ಎಂದು ಯಾರೋ ಅಂದರು.

"ಇಲ್ಲ ಅಂತ ನೀನು ಹೇಳ್ತೀಯಾ? ನೀನೂ ಅವನ ಕಡೆನಾ?"

ಮರುದಿನದ ಹೊತ್ತಿಗೆ ವೆಂಡೆಲ್ ಐದು ಜನರ ಸಹಿ ಪಡೆದಿದ್ದಾನಂತೆ ಎಂಬ ಸುದ್ದಿ ಐವತ್ತು ಜನರದಾಗಿತ್ತು. ಅಂಗಡಿಯಲ್ಲಿ ಅವನಿಗೆ ಬ್ರೆಡ್ಡು ಕೊಟ್ಟವಳು ಚೀಟಿ ಕೊಡಲಿಲ್ಲ, ಕಾಗದ ಅಂದರೆ ಈಗ ಹೆದರಿಕೆ. ಡಾರ್ಲೀನ್ ಚರ್ಚಿನಲ್ಲಿ ಹಾಡುವ ಸಾಲಿನಲ್ಲಿ ನಿಂತರೆ ಅಕ್ಕಪಕ್ಕದವರು ಅರ್ಧ ಹೆಜ್ಜೆ ಸರಿದರು. ಜೋಲೀನ್ ಮೂವತ್ತೆಂಟು ಜನರ ಸಹಿಯಿದ್ದ ದೂರನ್ನು ಹೊನೊಲುಲುವಿನ ಆ ಶಾಲೆಗೆ ಕಳಿಸಿದಳು. ತಾನೇ ಮುದ್ರೆ ಒತ್ತಿ, ತಾನೇ ಚೀಲಕ್ಕೆ ಹಾಕಿ, ವಿಮಾನ ಹತ್ತುವವರೆಗೆ ನಿಂತು ನೋಡಿ ಬಂದಳು.

ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಹಿಂದಿನ ವಾಲಿಬಾಲ್ ಅಂಗಳದಲ್ಲಿ ಕುಟುಂಬದ ಸಭೆ ಸೇರಿತು. ವಂಶಾವಳಿಯ ಸುರುಳಿ ತಂದರು. ಹದಿನೇಳು ಹಾಳೆಗಳನ್ನು ಟೇಪಿನಿಂದ ಅಂಟಿಸಿದ ಕಾಗದ ಅದು. ಬಿಚ್ಚಿದರೆ ಬಲೆಯ ಈಚೆಯಿಂದ ಆಚೆಯವರೆಗೆ ಹರಡಿತು. ಗಾಳಿಗೆ ಹಾರದಂತೆ ಮೂಲೆಗಳಲ್ಲಿ ಕಲ್ಲಿಟ್ಟು, ವೆಂಡೆಲನ ಚಪ್ಪಲಿ ಬಿಡಿಸಿ, ಅವನನ್ನು ಅವನ ಹೆಸರಿನ ಪಕ್ಕಕ್ಕೇ ನಿಲ್ಲಿಸಿದರು. ವೆಂಡೆಲನ ತಮ್ಮನ ವರಸೆಯ ಪೊಲೀಸ್ ರೆನಾಲ್ಡ್ ಸೊಂಟಕ್ಕೆ ಕೈಕೊಟ್ಟು ನಿಂತಿದ್ದ.

"ನಾನು ಪೊಲೀಸಾಗಿ ಬಂದಿಲ್ಲ ಅಣ್ಣ, ತಮ್ಮನಾಗಿ ಬಂದಿದ್ದೀನಿ. ಆದ್ರೆ ಯೂನಿಫಾರ್ಮ್ ಹಾಕ್ಕೊಂಡು ಬಂದಿದ್ದೀನಿ."

ವೆಂಡೆಲ್ ಎಲ್ಲವನ್ನೂ ಹೇಳಿದ. ಶಾಲೆಯ ನಿಯಮ ಹೇಳಿದ. ಸ್ಯಾಂಡ್ರಾ ಹೇಳಿದ ಕಾರಣ ಹೇಳಿದ. ಗದ್ದೆಯ ವಿಷಯ ತನಗೆ ಕನಸಿನಲ್ಲೂ ಬಂದಿಲ್ಲವೆಂದ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಈ ಕಥೆಯಲ್ಲಿ ಅವರಿಗೆ ನಂಬಲಾಗದ ಭಾಗವೇ ನಿಯಮದ ಭಾಗವಾಗಿತ್ತು.

"ಮೈ ತಿಕ್ಕೋಕೆ ಸಂಬಂಧ ಇಲ್ಲದೋರೇ ಬೇಕು ಅಂದ್ರೆ ಏನರ್ಥ?" ಎಂದ ಬಾರ್ನಿ ಅಂಕಲ್. "ಸಂಬಂಧ ಇಲ್ಲದೋರ ಮೈ ಯಾರಾದ್ರೂ ಮುಟ್ತಾರಾ? ಸುಳ್ಳು ಹೇಳೋದಾದ್ರೆ ಒಪ್ಪೋ ಹಂಗಾದ್ರೂ ಹೇಳೋ."

"ಅಂಕಲ್, ಸಂಬಂಧಿಕರಾದ್ರೆ ಸುಮ್ಮನೆ ಹೊಗಳ್ತಾರಂತೆ."

ಅಂಗಳಕ್ಕೆ ಅಂಗಳವೇ ನಕ್ಕಿತು. "ಯಾರು, ನಾವಾ?" ಎಂದು ಹಿಂದಿನ ಸಾಲಿನಿಂದ ಒಬ್ಬಳು ಕೇಳಿದಳು. "ನೀನು ಶಾಲೆಯಲ್ಲಿ ಹಾಡಿದಾಗ ನಿಮ್ಮಮ್ಮನೇ ಎದ್ದು ಹೋದ್ಲು ಕಣೋ."

ಲುಯಿಕಾ ಅಜ್ಜಿ ಮಡಿಸುವ ಕುರ್ಚಿಯಿಂದ ಮೆಲ್ಲಗೆ ಎದ್ದು, ಸುರುಳಿಯ ಅಂಚಿಗೆ ಬಂದು ನಿಂತಳು.

"ಇವನ ಬಾಯಿ ಏನು ಹೇಳತ್ತೋ ನಂಗೆ ಬೇಡ. ಕೈ ಏನು ಹೇಳತ್ತೆ ನೋಡೋಣ. ಈ ಕಾಗದದಲ್ಲಿ ಬದುಕಿದ್ದು ಇಲ್ಲಿ ನಿಂತಿರೋರೆಲ್ಲ ಒಬ್ಬೊಬ್ಬರಾಗಿ ಇವನ ಮೇಜಿನ ಮೇಲೆ ಮಲಗಿ. ನಾನು ಪಕ್ಕದಲ್ಲಿ ಕೂತಿರ್ತೀನಿ. ಕಳ್ಳತನದ ಕೈ ಆದ್ರೆ ನಂಗೆ ಗೊತ್ತಾಗತ್ತೆ."

"ಅಜ್ಜಿ, ನನಗೆ ಬೇಕಾಗಿರೋದು ಸಂಬಂಧ ಇಲ್ಲದ ಒಬ್ಬರು," ಎಂದ ವೆಂಡೆಲ್ ಸೋತ ದನಿಯಲ್ಲಿ. "ಸಂಬಂಧ ಇರೋ ನಲವತ್ತು ಜನ ಅಲ್ಲ."

"ನಲವತ್ತೊಂದು," ಎಂದಳು ಅಜ್ಜಿ. "ಪ್ರೂಡೆನ್ಸಳನ್ನ ಸೇರಿಸ್ಕೊ. ಮೊನ್ನೆ ಅವಳನ್ನ ಅರ್ಧಕ್ಕೆ ಎಬ್ಬಿಸಿ ಕಳಿಸಿದೆಯಂತೆ."

ಮುಂದಿನ ಹತ್ತು ದಿನ ವೆಂಡೆಲ್ ಅನುಭವಿಸಿದ ಪಾಡನ್ನು ಇನ್ನೂರ ಆರು ಎಲುಬುಗಳೂ ನೆನಪಿಟ್ಟುಕೊಂಡಿವೆ. ಬೆಳಿಗ್ಗೆ ಆರಕ್ಕೆ ಜಗಲಿಯ ಮುಂದೆ ಚಪ್ಪಲಿಗಳ ಸಾಲು. ಮೇಜಿನ ಪಕ್ಕ ಕುರ್ಚಿಯಲ್ಲಿ ಅಜ್ಜಿ. ಸುತ್ತ ತಮ್ಮ ಸರದಿಗೆ ಕಾಯುವವರು, ಸರದಿ ಮುಗಿದರೂ ಹೋಗದವರು. 'ಅಜ್ಜಿಯ ಹೆಸರು ಹೇಳಬೇಡಿ' ಎಂಬ ಹಲಗೆಯನ್ನು ಯಾರೋ ಕಿತ್ತು ಅದರ ಮೇಲೆ ಅನ್ನದ ಪಾತ್ರೆ ಇಟ್ಟಿದ್ದರು.

"ಇದು ಡೆಲ್ಟಾಯ್ಡ್," ಎಂದು ಶುರುಮಾಡಿದ ಮೊದಲನೆಯ ದಿನ.

"ಅದು ನಿನ್ನ ಅಕ್ಕ," ಎಂದಳು ಅಜ್ಜಿ. "ಹೋದ ವರ್ಷ ಗಂಡ ತೀರಿಕೊಂಡ. ಆವತ್ತಿಂದ ಒಂದೇ ಮಗ್ಗುಲಲ್ಲಿ ಮಲಗ್ತಾಳೆ. ಇಲ್ಲಿ ಹಿಡಿ."

ಅವನ ಹೆಬ್ಬೆರಳನ್ನು ಹಿಡಿದು ಎರಡು ಅಂಗುಲ ಆಚೆ ಸರಿಸಿದಳು. ಮೇಜಿನ ಮೇಲಿದ್ದ ಅಕ್ಕ ಉದ್ದನೆಯ ಉಸಿರು ಬಿಟ್ಟಳು. ವೆಂಡೆಲ್ ಬೆರಳನ್ನೂ ಅಜ್ಜಿಯನ್ನೂ ನೋಡಿದ. ಏನೋ ಹೇಳಲು ಬಾಯಿ ತೆರೆದ.

"ಬಾಯಿ ಮುಚ್ಚು," ಎಂದಳು ಅಜ್ಜಿ. "ನೀನು ಮಾತಾಡಿದ್ರೆ ಕೈ ಕಿವುಡಾಗತ್ತೆ."

ಉಳಿದವರು ಮಾತ್ರ ಬಾಯಿ ಮುಚ್ಚಲಿಲ್ಲ. ಎಡಕ್ಕೆ ಅಂದರೆ ಯಾರ ಎಡಕ್ಕೆ ಎಂಬ ಬಗ್ಗೆ ಒಂದು ಮಧ್ಯಾಹ್ನ ಪೂರ್ತಿ ಚರ್ಚೆಯಾಯಿತು. ರೆನಾಲ್ಡ್ ಯೂನಿಫಾರ್ಮ್ ಕಳಚಲು ಒಪ್ಪದೆ ಬೆಲ್ಟಿನ ಸಮೇತ ಮಲಗಿದ. ಬಾರ್ನಿ ಅಂಕಲ್, ತನಗೂ ಆ ಕಾಗದಕ್ಕೂ ಸಂಬಂಧವಿಲ್ಲದಿದ್ದರೂ, ಮೂರು ಸಲ ಸರದಿಯಲ್ಲಿ ನಿಂತ. ಮೂರನೆಯ ಸಲ ಗೊರಕೆ ಹೊಡೆದು, ಎದ್ದವನೇ "ಸುಮಾರಾಗಿದೆ" ಎಂದ. ಆ ಊರಿನಲ್ಲಿ ಅದು ಬಿರುದು.

ಹತ್ತನೆಯ ದಿನ ಕೊನೆಯವಳಾಗಿ ಅಜ್ಜಿಯೇ ಮೇಜು ಹತ್ತಿದಳು. ವೆಂಡೆಲನ ಕೈಗಳು ಊದಿಕೊಂಡಿದ್ದವು. ಸ್ನಾಯುಗಳ ಹೆಸರುಗಳೆಲ್ಲ ಬೆವರಿನಲ್ಲಿ ಹರಿದುಹೋಗಿದ್ದವು. ಒಂದು ಗಂಟೆ ಕಳೆದ ಮೇಲೆ ಅಜ್ಜಿ ಎದ್ದು ಕೂತು ಸುತ್ತ ನೋಡಿದಳು.

"ಗದ್ದೆ ಕದಿಯೋ ಕೈ ಅಲ್ಲ ಇದು. ಇಷ್ಟು ದಿನ ಪುಸ್ತಕ ಹಿಡಿದು ಮರಗಟ್ಟಿತ್ತು, ಅಷ್ಟೇ."

ಸಭೆ ಬರಖಾಸ್ತಾಯಿತು. ಎಲ್ಲರೂ ಅವನನ್ನು ಕ್ಷಮಿಸಿ, ಉಳಿದ ಅನ್ನವನ್ನು ಕಟ್ಟಿಕೊಂಡು ಮನೆಗೆ ಹೋದರು. ವೆಂಡೆಲ್ ಮೆಟ್ಟಿಲ ಮೇಲೆ ಕುಸಿದು ಕೂತ. ಹತ್ತು ದಿನ ಹೋದವು. ಫಾರಂ ಇನ್ನೂ ಐದೇ.

"ಎಲ್ಲರೂ ಹೊಗಳಿ ಹೋದ್ರಲ್ಲ ರೀ," ಎಂದಳು ಡಾರ್ಲೀನ್.

"ಎಲ್ಲರೂ ಸಂಬಂಧಿಕರು ಕಣೆ," ಎಂದ ಅವನು, ಅಳುವೊಂದೇ ಬಾಕಿ.

ಅಷ್ಟರಲ್ಲಿ ಎಲ್ಲರೂ ಮರೆತಿದ್ದ ದೂರು ತನ್ನ ಕೆಲಸ ಮಾಡಿತ್ತು. ವಿಚಾರಣೆಗೆ ಶಾಲೆಯ ಪರೀಕ್ಷಕ ಮಿಯಾಶಿರೊ ಮೂವತ್ತನೇ ತಾರೀಖು ಮಧ್ಯಾಹ್ನದ ವಿಮಾನದಲ್ಲಿ ಬಂದಿಳಿದರು. ಅರವತ್ತರ ಆಸುಪಾಸು, ಇಸ್ತ್ರಿ ಹಾಕಿದ ಹೂವಿನ ಅಂಗಿ, ಕೈಯಲ್ಲೊಂದು ಕಪ್ಪು ಚೀಲ. ಕೆಲವರು ಹುಟ್ಟುವಾಗಲೇ ಪರೀಕ್ಷಕರಾಗಿ ಹುಟ್ಟುತ್ತಾರೆ. ಅವರು ಜಗಲಿ ಹತ್ತಿ ನಿಂತ ರೀತಿಗೆ ನಾಯಿಯೂ ಬೊಗಳದೆ ಕೂತಿತು.

"ಈ ದೂರಿಗೆ ಸಹಿ ಹಾಕಿದವರು ಯಾರ್ಯಾರು?"

ಅಂಗಳದಲ್ಲಿ ಮೂವತ್ತೆಂಟು ಕೈಗಳು ಎದ್ದವು.

"ದೂರು ವಾಪಸ್ ತಗೊಳ್ಳೋರು ಯಾರ್ಯಾರು?"

ಕೈಗಳನ್ನು ಯಾರೂ ಇಳಿಸಿರಲೇ ಇಲ್ಲ. ಬಾರ್ನಿ ಅಂಕಲ್ ಎರಡನೆಯ ಕೈಯನ್ನೂ ಎತ್ತಿದ.

ಮಿಯಾಶಿರೊ ದೂರಿನ ಮೇಲೆ ಗೆರೆ ಎಳೆದು, ಫಾರಂಗಳನ್ನು ಎಣಿಸಿದರು. "ಐದಿದೆ. ಆರನೇದೆಲ್ಲಿ?"

"ಸಿಗಲಿಲ್ಲ ಸಾರ್."

"ನಾಳೆ ಕಡೇ ದಿನ ಅಲ್ವಾ?"

"ಹೌದು ಸಾರ್. ನಾಳೆ ಸಂಜೆ ಗಾಲಿಕುರ್ಚಿಗಳು ಬರ್ತವೆ."

ಈ ಉತ್ತರ ಪರೀಕ್ಷಕರಿಗೆ ಅರ್ಥವಾಗಲಿಲ್ಲ, ಕೇಳಲೂ ಇಲ್ಲ. ಅಂಗಳದ ಜನರನ್ನು ಒಮ್ಮೆ ನಿಧಾನವಾಗಿ ನೋಡಿದರು. ಗಡಿಯಾರ ನೋಡಿಕೊಂಡರು. ನಾಲ್ಕಕ್ಕೆ ವಾಪಸ್ ವಿಮಾನ. ಆಮೇಲೆ ಚೀಲ ಕೆಳಗಿಟ್ಟು ಅಂಗಿಯ ಗುಂಡಿ ಬಿಚ್ಚತೊಡಗಿದರು.

"ಆರನೇ ಮೈ ನಂದೇ ಆಗ್ಲಿ. ಹಾಸು ಬಟ್ಟೆ ತನ್ನಿ."

ಡಾರ್ಲೀನ್ ಬಟ್ಟೆ ತರಲು ಓಡಿದಳು. ವೆಂಡೆಲನ ಮುಖದಲ್ಲಿ ಬೆಳಕು ಮೂಡಿ, ಅದೇ ಗಳಿಗೆಯಲ್ಲಿ ಆರಿತು. ಲುಯಿಕಾ ಅಜ್ಜಿ ಪರೀಕ್ಷಕರ ಕಿವಿಗಳನ್ನು ನೋಡುತ್ತಿದ್ದಳು. ಅವರು ಬಂದಾಗಿನಿಂದ ಅದನ್ನೇ ನೋಡುತ್ತಿದ್ದಳು. ತಲೆಯನ್ನು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ವಾಲಿಸಿ, ಬಾಯೊಳಗೆ ಏನೋ ಹೆಸರುಗಳನ್ನು ಎಣಿಸುತ್ತಿದ್ದಳು. ಆ ನೋಟ ಏನೆಂದು ಊರಿಗೆಲ್ಲ ಗೊತ್ತು.

"ಅಜ್ಜಿ, ಒಳಗೆ ಕೆಸುವಿನ ಎಲೆ ಬೆಂದಿದೆಯಾ ಒಂಚೂರು ನೋಡಿ," ಎಂದಳು ಬಟ್ಟೆ ಹಿಡಿದು ಬಂದ ಡಾರ್ಲೀನ್.

"ಬೆಂದಿರತ್ತೆ."

"ಉಪ್ಪು ನೋಡಿ ಅಜ್ಜಿ."

"ಸರಿ ಇರತ್ತೆ."

ರೆನಾಲ್ಡ್ ಅಜ್ಜಿಗೂ ಮೇಜಿಗೂ ನಡುವೆ ಬಂದು ನಿಂತ. ಅಜ್ಜಿ ಕುರ್ಚಿಯನ್ನೇ ಪಕ್ಕಕ್ಕೆ ಎಳೆದುಕೊಂಡಳು.

ವೆಂಡೆಲ್ ಕೆಲಸ ಶುರುಮಾಡಿದ. ಒಂದು ಮಾತೂ ಆಡಲಿಲ್ಲ. ಹೇಗಿದೆ ಸಾರ್ ಎಂದೂ ಕೇಳಲಿಲ್ಲ. ಒಂದು ಮಾತು ಬಿದ್ದರೆ ಅದರ ಬಾಲ ಹಿಡಿದು ಇನ್ನೊಂದು ಬಂದು, ಎಲ್ಲಿಂದಲೋ ಯಾರದೋ ಅಜ್ಜಿ ಹೊರಬಿದ್ದರೆ ಎಂಬ ಭಯ. ಅಂಗಳದಲ್ಲಿ ನಲವತ್ತು ಜನ ಉಸಿರು ಬಿಗಿಹಿಡಿದು ನಿಂತಿದ್ದರು. ಆ ಕುಟುಂಬ ಒಂದು ಗಂಟೆ ಕಾಲ ಒಟ್ಟಿಗೆ ಮೌನವಾಗಿದ್ದದ್ದು ಅದೇ ಮೊದಲು. ಮೌನದೊಳಗೆ ವೆಂಡೆಲನ ಹೆಬ್ಬೆರಳು ಪರೀಕ್ಷಕರ ಬಲಭುಜದ ಕೆಳಗೆ ಹೋಗಿ ತಾನಾಗಿಯೇ ನಿಂತಿತು. ಅಲ್ಲೊಂದು ಗಂಟಿತ್ತು. ಹಳೆಯದು, ಯಾರಿಗೂ ತೋರಿಸದೆ ಇಟ್ಟುಕೊಂಡದ್ದು. ಅದಕ್ಕೆ ಪುಸ್ತಕದಲ್ಲಿ ಏನು ಹೆಸರೆಂದು ಅವನಿಗೆ ನೆನಪಾಗಲಿಲ್ಲ. ಕೈಯಿಟ್ಟು ಕಾದ. ಅದು ಸಡಿಲವಾಗುವವರೆಗೂ ಕಾದ.

ಪರೀಕ್ಷಕರು ತೂತಿನೊಳಗಿಂದ ನಿಡಿದಾದ ಉಸಿರು ಬಿಟ್ಟರು.

ಗಂಟೆ ಮುಗಿಯಿತು. ಮಿಯಾಶಿರೊ ಎದ್ದು ಅಂಗಿ ತೊಟ್ಟು, ಭುಜವನ್ನು ಎರಡು ಸಲ ತಿರುಗಿಸಿ ನೋಡಿಕೊಂಡು, ಮೇಜಿನ ಅಂಚಿಗೇ ಕೂತು ಫಾರಂ ತೆಗೆದುಕೊಂಡರು. ಷರಾ ಎಂಬಲ್ಲಿ 'ಮಾತಾಡಲಿಲ್ಲ. ಕೈ ಕೇಳಿಸಿಕೊಳ್ಳುತ್ತದೆ' ಎಂದು ಬರೆದರು. ಕೆಳಗಿನ ದೃಢೀಕರಣವನ್ನು ಮನಸ್ಸಿನಲ್ಲೇ ಓದಿಕೊಂಡು ಪೆನ್ನನ್ನು ಅದರ ಮೇಲೆ ತಂದರು.

ಅಜ್ಜಿ ಕುರ್ಚಿಯಿಂದ ಎದ್ದಳು.

"ಮಗಾ," ಎಂದಳು.

ವೆಂಡೆಲ್ ಕಣ್ಣು ಮುಚ್ಚಿಕೊಂಡ. ಡಾರ್ಲೀನ್ ಸೆರಗಿನಂತೆ ಹಾಸುಬಟ್ಟೆಯನ್ನೇ ಬಾಯಿಗೆ ಒತ್ತಿಕೊಂಡಳು. ಇಪ್ಪತ್ತೆರಡು ವರ್ಷದ ಕೆಲಸ, ಬಾಗಿಲ ಮೇಲಿನ ಹೆಸರು, ಏಸಿ, ಎಲ್ಲವೂ ಆ ಮುದುಕಿಯ ನಾಲಿಗೆಯ ತುದಿಯಲ್ಲಿ ಬಂದು ನಿಂತಿದ್ದವು.

ಪರೀಕ್ಷಕರು ತಲೆಯೆತ್ತದೆ ಎಡಗೈಯನ್ನು ಮಾತ್ರ ಮೆಲ್ಲಗೆ ಎತ್ತಿ ತಡೆದರು. "ಒಂದೇ ನಿಮಿಷ, ಅಜ್ಜಿ."

ಸಹಿ ಹಾಕಿದರು. ತಾರೀಖು ಬರೆದರು. ತಾರೀಖಿನ ಮುಂದೆ, ಯಾವ ನಿಯಮವೂ ಕೇಳದಿದ್ದರೂ, ಗಡಿಯಾರ ನೋಡಿ ಗಂಟೆಯನ್ನೂ ಬರೆದರು: ಮೂರು ಹನ್ನೊಂದು. ಪೆನ್ನಿಗೆ ಮುಚ್ಚಳ ಹಾಕಿ, ಆರೂ ಫಾರಂಗಳನ್ನು ಚೀಲಕ್ಕೆ ಸೇರಿಸಿ, ಜಿಪ್ ಎಳೆದು, ಚೀಲವನ್ನು ರೆನಾಲ್ಡನ ಕೈಗೆ ಕೊಟ್ಟರು. ಆಮೇಲೆ ಒಂದು ಕುರ್ಚಿ ತಂದು ಲುಯಿಕಾ ಅಜ್ಜಿಯ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ, ಹಾಕಿಕೊಂಡು ಕೂತರು.

"ಈಗ ಕೇಳಿ, ನಮ್ಮಜ್ಜಿ ಯಾರು ಅಂತ," ಎಂದರು. "ನಾಲ್ಕು ಗಂಟೆ ವಿಮಾನ ಹೋದ್ರೆ ಹೋಗ್ಲಿ."